ಗುಳ್ಳೆಗೆ ಅಂಟಿದ ಅದಿರು

ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಹತ್ತನೆಯ ತರಗತಿಗೆ ನನ್ನನ್ನು ಕಳಿಸಿದ್ದರು. ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಪಾಠವನ್ನು ಮಕ್ಕಳಿಂದ ಓದಿಸಿದರೆ ಸಾಕು ಎಂದುಕೊಂಡಿದ್ದೆ. ಅದಿರಿನ ಪುಡಿ ನೊರೆಯೊಂದಿಗೆ ಮೇಲೆ ಬರುತ್ತದೆ ಎಂಬ ಸಾಲು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಣ್ಣ ಒಂದು ಕಾಲದಲ್ಲಿ ಹೊಸಪೇಟೆ ಕಡೆ ಅದಿರಿನ ಲಾರಿ ಓಡಿಸಿದವನು. “ಸರ್, ಅದಿರಂದ್ರ ಕಲ್ಲಲ್ರೀ? ಕಲ್ಲು ನೀರಾಗ ಮುಳುಗಬೇಕು. ಮ್ಯಾಲೆ ಹೆಂಗ ಬರ್ತೈತ್ರೀ?” ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆ ನಾಳೆ ಬರಲು ಬಹಳ ದಿನ ಹಿಡಿಯಿತು.

ಹುಡುಕುತ್ತ ಹೋದಾಗ ಉತ್ತರದ ಒಂದು ತುದಿ ನನ್ನ ವಿಷಯದಲ್ಲೇ ಸಿಕ್ಕಿತು. ಹಿಂದೆ ಉರ್ದು, ಫಾರ್ಸಿ ಬರೆಯುತ್ತಿದ್ದ ಕಾತಿಬರು ತಮ್ಮ ಶಾಯಿಯನ್ನು ದೀಪದ ಮಸಿಯಿಂದ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ರೋಶನಾಯಿ ಎಂದು ಹೆಸರು. ಬರೀ ಮಸಿಯನ್ನು ನೀರಿಗೆ ಹಾಕಿ ನೋಡಿರಿ, ಅದು ನೆನೆಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಅದೇ ಮಸಿಯನ್ನು ಗೋಂದಿನೊಂದಿಗೆ ಚೆನ್ನಾಗಿ ಅರೆದರೆ ನೀರಿನಲ್ಲಿ ಬೆರೆತು ಶಾಯಿಯಾಗುತ್ತದೆ. ಮಸಿಯ ತೂಕ ಬದಲಾಗಲಿಲ್ಲ, ಅದರ ಮೈ ಬದಲಾಯಿತು. ಗೋಂದು ಹತ್ತಿದ ಮೈಯನ್ನು ನೀರು ಒಪ್ಪಿಕೊಂಡಿತು.

ಗಣಿಯ ತೊಟ್ಟಿಯಲ್ಲಿ ನಡೆಯುವುದೂ ಮೈಯ ವ್ಯವಹಾರವೇ. ಅದಿರನ್ನು ಹಿಟ್ಟಿನಂತೆ ಅರೆದು ನೀರಿನಲ್ಲಿ ಕಲಸಿ, ಕೆಳಗಿನಿಂದ ಗಾಳಿಯ ಗುಳ್ಳೆಗಳನ್ನು ಬಿಡುತ್ತಾರೆ. ಏಳುತ್ತಿರುವ ಗುಳ್ಳೆಗೂ ಇಳಿಯುತ್ತಿರುವ ಕಣಕ್ಕೂ ಮುಖಾಮುಖಿಯಾಗುತ್ತದೆ. ಆದರೆ ಅವು ಒಂದನ್ನೊಂದು ಮುಟ್ಟುವುದಿಲ್ಲ, ನಡುವೆ ನೀರಿನ ಒಂದು ತೆಳುಪೊರೆ ಉಳಿದಿರುತ್ತದೆ. ಕಣ ಗುಳ್ಳೆಯ ಮೈಮೇಲೆ ಜಾರಿಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅಷ್ಟರೊಳಗೆ ಪೊರೆ ಹರಿಯಬೇಕು. ಕಣದ ಮೈ ನೀರನ್ನು ಒಲ್ಲದಿದ್ದರೆ ಪೊರೆ ಹರಿದು, ನೀರು ಹಿಂದೆ ಸರಿದು, ಕಣವು ಗುಳ್ಳೆಗೆ ಕಚ್ಚಿಕೊಂಡು ಮೇಲೇರುತ್ತದೆ. ನೀರನ್ನು ಒಪ್ಪುವ ಮೈಯಾದರೆ ಪೊರೆ ಹಾಗೇ ಉಳಿದು ಕಣ ಜಾರಿ ಬೀಳುತ್ತದೆ. ಗಾತ್ರವೂ ಮುಖ್ಯ. ದಪ್ಪ ಕಣ ಅಂಟಿದರೂ ಭಾರಕ್ಕೆ ಕಳಚಿಕೊಳ್ಳುತ್ತದೆ. ತೀರ ನುಣ್ಣನೆಯ ಕಣ ನೀರಿನ ಹರಿವಿನೊಂದಿಗೆ ಗುಳ್ಳೆಯನ್ನು ಬಳಸಿಕೊಂಡು ಪಕ್ಕಕ್ಕೆ ಹೋಗಿಬಿಡುತ್ತದೆ, ಮುಖಾಮುಖಿಯೇ ಆಗುವುದಿಲ್ಲ.

ಎಣ್ಣೆ ಕೆಲವು ಅದಿರುಗಳನ್ನು ಆರಿಸಿ ಹಿಡಿಯುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ವಿಲಿಯಂ ಹೇನ್ಸ್ 1860ರಲ್ಲೇ ಪೇಟೆಂಟ್ ಪಡೆದಿದ್ದ. 1877ರಲ್ಲಿ ಜರ್ಮನಿಯ ಡ್ರೆಸ್ಡನ್‌ನ ಬೆಸೆಲ್ ಸಹೋದರರು ಗ್ರಾಫೈಟನ್ನು ಗುಳ್ಳೆಗಳ ಸಹಾಯದಿಂದ ತೇಲಿಸಿದರು. 1886ರಲ್ಲಿ ಅಮೆರಿಕದ ಕ್ಯಾರಿ ಎವರ್ಸನ್ ಎಂಬ ಮಹಿಳೆ ಎಣ್ಣೆ ಮತ್ತು ಆಮ್ಲ ಸೇರಿಸಿ ಅದಿರು ಬೇರ್ಪಡಿಸುವ ಪೇಟೆಂಟ್ ಪಡೆದರು. ಅವರು ಶಾಲಾ ಶಿಕ್ಷಕಿ, ಅದಿರಿನ ಎಣ್ಣೆಚೀಲ ಒಗೆಯುವಾಗ ಅಕಸ್ಮಾತ್ತಾಗಿ ಇದನ್ನು ಕಂಡರು ಎಂಬ ಕಥೆ ಬಹಳ ಕಡೆ ಅಚ್ಚಾಗಿದೆ. ಶಿಕ್ಷಕನಾದ ನನಗೆ ಕಥೆ ಹಿಡಿಸಿತಾದರೂ ಅದು ನಿಜವಲ್ಲ. ಅವರು ವೈದ್ಯರೊಬ್ಬರ ಪತ್ನಿ. ಓದಿ, ಪ್ರಯೋಗ ಮಾಡಿ ಕಂಡುಕೊಂಡದ್ದು. ಹೆಂಗಸಿನ ಶ್ರಮವನ್ನು ಒಗೆಯುವ ಕಲ್ಲಿನ ಅದೃಷ್ಟವಾಗಿಸುವುದು ಜಗತ್ತಿಗೆ ಸುಲಭ. ಅವರ ಪೇಟೆಂಟಿನ 17 ವರ್ಷ ಮುಗಿದಾಗ ಉದ್ಯಮ ಇನ್ನೂ ಕಣ್ಣು ಬಿಡುತ್ತಿತ್ತು.

ಕಣ್ಣು ತೆರೆಸಿದ್ದು ಆಸ್ಟ್ರೇಲಿಯಾದ ಬ್ರೋಕನ್ ಹಿಲ್. ಅಲ್ಲಿ ಸೀಸ, ಬೆಳ್ಳಿ ತೆಗೆದ ಮೇಲೆ ಸತುವಿನ ಅಂಶವಿದ್ದ ಪುಡಿ ಗುಡ್ಡಗುಡ್ಡವಾಗಿ ಬಿದ್ದಿತ್ತು. ಸತುವಿನ ಖನಿಜಕ್ಕೂ ಜೊತೆಗಿದ್ದ ಕಲ್ಲಿಗೂ ತೂಕದಲ್ಲಿ ಹೆಚ್ಚು ಅಂತರವಿಲ್ಲದ್ದರಿಂದ ತೊಳೆದು ಬೇರ್ಪಡಿಸಲು ಆಗಿರಲಿಲ್ಲ. 1901-02ರ ಸುಮಾರಿಗೆ ಪಾಟರ್ ಮತ್ತು ಡೆಲ್ಪ್ರಾಟ್ ಎಂಬವರು ಆಮ್ಲ ಹಾಕಿ ಅನಿಲದ ಗುಳ್ಳೆ ಎಬ್ಬಿಸಿದರು. 1905ರಲ್ಲಿ ಲಂಡನ್ನಿನ ಮಿನರಲ್ಸ್ ಸೆಪರೇಶನ್ ಕಂಪನಿಯವರು, ಎಣ್ಣೆಯನ್ನು ಅತಿ ಕಡಿಮೆ ಮಾಡಿ ಜೋರಾಗಿ ಕಡೆದರೆ ಗಟ್ಟಿ ನೊರೆ ಬರುವುದೆಂದು ಕಂಡುಕೊಂಡರು. ಮಜ್ಜಿಗೆ ಕಡೆಯುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. 1925ರಲ್ಲಿ ಕೆಲ್ಲರ್ ಎಂಬಾತ ಕ್ಸಾಂಥೇಟ್ ಎಂಬ ರಾಸಾಯನಿಕಕ್ಕೆ ಪೇಟೆಂಟ್ ಪಡೆದ. ಅದರ ಒಂದು ತುದಿಯ ಗಂಧಕ ಖನಿಜವನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರಿಗೆ ಬೆನ್ನು ಮಾಡಿ ನಿಲ್ಲುತ್ತದೆ. ಎಸೆದಿದ್ದ ಗುಡ್ಡ ಗಣಿಯಾಯಿತು.

ನಮ್ಮ ನೆರೆಯ ಚಿತ್ರದುರ್ಗದ ಇಂಗಳದಾಳ್‌ನಲ್ಲಿ ತಾಮ್ರದ ಅದಿರಿಗೆ ಇದೇ ವಿಧಾನ ನಡೆಯುತ್ತಿತ್ತು. ಆ ಗಣಿ ಈಗ ಮುಚ್ಚಿದೆ. ಆದರೆ ಕಬ್ಬಿಣದ ಮಾತು ಬೇರೆ. ನಮ್ಮ ಸಂಡೂರಿನ ಅದಿರು ಶೇಕಡ 60ಕ್ಕೂ ಮಿಕ್ಕಿದ ಕಬ್ಬಿಣವಿದ್ದದ್ದು, ಒಡೆದು ಜರಡಿ ಹಿಡಿದರೆ ಲಾರಿಗೆ ಸಿದ್ಧ. ಕುದುರೆಮುಖದಲ್ಲಿ ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಗುರುತಿಸಿದ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣ ಇದ್ದದ್ದು ಸುಮಾರು ಶೇ. 38. ಆದ್ದರಿಂದ ಆ ಗುಡ್ಡ ಅರವತ್ತು ವರ್ಷ ಸುಮ್ಮನೆ ಮಳೆಯಲ್ಲಿ ನೆನೆಯಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಟ್ಟು ಅದಿರಿನ ಪುಡಿ ಕೊಳ್ಳುವ ಒಪ್ಪಂದವಾಗಿತ್ತು. 1979ರ ಕ್ರಾಂತಿಯಿಂದ ಅದು ಕೆಟ್ಟಿತು. ಆದರೂ 1980ರಲ್ಲಿ ಉತ್ಪಾದನೆ ಶುರುವಾಯಿತು. ಅರೆದ ಅದಿರನ್ನು ಮುಖ್ಯವಾಗಿ ಅಯಸ್ಕಾಂತದಿಂದ ಹೆಕ್ಕಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಇನ್ನೂ ಶುದ್ಧ ಪುಡಿ ಬೇಕಾದಾಗ ನೊರೆಯ ಸಹಾಯ ಪಡೆದರು.

ಇಲ್ಲಿ ಒಂದು ತಮಾಷೆ ಇದೆ. ಕಬ್ಬಿಣದ ಅದಿರಿನಲ್ಲಿ ಸಾಮಾನ್ಯವಾಗಿ ತೇಲಿಸುವುದು ಕಬ್ಬಿಣವನ್ನಲ್ಲ, ಅದಕ್ಕೆ ಹತ್ತಿದ ಮರಳಿನಂಥ ಸಿಲಿಕಾವನ್ನು. ನೀರಿನಲ್ಲಿ ಸಿಲಿಕಾದ ಮೈಗೆ ಋಣ ವಿದ್ಯುತ್ತು ಇರುತ್ತದೆ. ಅಮೀನ್ ಎಂಬ ಧನ ರಾಸಾಯನಿಕ ಅದಕ್ಕೆ ಹತ್ತಿ ಗುಳ್ಳೆಗೆ ಅಂಟುವಂತೆ ಮಾಡುತ್ತದೆ. ಹೆಮಟೈಟ್ ಅದಿರಾದರೆ ಕಬ್ಬಿಣದ ಕಣ ಜೊತೆಯಲ್ಲಿ ಮೇಲೇಳದಂತೆ ಗಂಜಿಯ ಪಿಷ್ಟವನ್ನು ಸೇರಿಸುವುದುಂಟು. ಕಾತಿಬರ ಗೋಂದು ಮಸಿಗೆ ಮಾಡಿದ ಕೆಲಸವನ್ನೇ ಪಿಷ್ಟ ಕಬ್ಬಿಣಕ್ಕೆ ಮಾಡುತ್ತದೆ.

ನಮ್ಮ ಭಾಗಕ್ಕೂ ಈಗ ಇದು ದೂರದ ಮಾತಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಒಳ್ಳೆಯ ಅದಿರು ಬಹಳಷ್ಟು ಹಡಗು ಹತ್ತಿಯಾಗಿತ್ತು. ಕಡಿಮೆ ದರ್ಜೆಯದು, ಪುಡಿ, ಕೆಸರು ಇಲ್ಲೇ ಉಳಿದವು. ಹೆಮಟೈಟ್‌ನಲ್ಲಿ ಶೇ. 45 ಕಬ್ಬಿಣವಿದ್ದರೂ ಅದನ್ನು ಅದಿರೆಂದೇ ಎಣಿಸಬೇಕೆಂದು ಭಾರತೀಯ ಗಣಿ ಬ್ಯೂರೊ ಮಿತಿ ಇಳಿಸಿದೆ. ಅಂಥದ್ದನ್ನು ಕುಲುಮೆಗೆ ತಕ್ಕಂತೆ ಮಾಡಲು ಅರೆಯಬೇಕು, ತೊಳೆಯಬೇಕು, ಕೆಲವೊಮ್ಮೆ ತೇಲಿಸಬೇಕು. ಎಲ್ಲಕ್ಕೂ ನೀರು ಬೇಕು. ತುಂಗಭದ್ರೆಯ ನೀರಿಗೆ ಗದ್ದೆಯೂ ಕಾದಿದೆ, ಊರೂ ಕಾದಿದೆ.

ಕೊನೆಗೊಂದು ದಿನ ಲೋಟದಲ್ಲಿ ನೀರು, ಚೀಟಿಯಲ್ಲಿ ಮಸಿ, ಒಂದಿಷ್ಟು ಗೋಂದು ಹಿಡಿದು ತರಗತಿಗೆ ಹೋದೆ. ಹುಡುಗ ಎಲ್ಲವನ್ನೂ ನೋಡಿ ತಲೆಯಾಡಿಸಿದ. ಆಮೇಲೆ ಕೇಳಿದ, “ಉಳಿದ ರಾಡಿ ಎಲ್ಲಿ ಹೋಗ್ತೈತ್ರೀ ಸರ್?” ಈ ಸಲ ನಾಳೆ ಎನ್ನಲಿಲ್ಲ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು, ಅಲ್ಲಿನ ರಾಡಿಯೆಲ್ಲ ಲಖ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ನಿಂತಿದೆ ಎಂದು ಹೇಳಿ, ನಕಾಶೆಯಲ್ಲಿ ಆ ಜಾಗ ತೋರಿಸಿದೆ.