ಕೊರಳ ನಳಿಕೆಯನ್ನು ಕಾಯುವವರು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ, ಕೀಟನಾಶಕ ಹೊಟ್ಟೆ ಸೇರಿ ವಾರಗಟ್ಟಲೆ ವೆಂಟಿಲೇಟರಿನಲ್ಲಿದ್ದ ರೈತ, ಗಿಲಾನ್ ಬಾರೆ ಕಾಯಿಲೆಯಿಂದ ಕೈಕಾಲುಗಳ ಜೊತೆಗೆ ಉಸಿರಾಟದ ಸ್ನಾಯುಗಳೂ ಸೋತ ಗೃಹಿಣಿ, ಗಂಟಲಲ್ಲಿ ಗಡ್ಡೆ ಬೆಳೆದು ಉಸಿರು ಕಟ್ಟಿದ ಅಜ್ಜ. ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಐಸಿಯುಗಳಲ್ಲಿ ಇಂಥವರ ಕೊರಳಿನ ಬುಡದಲ್ಲಿ ಬಾಗಿದ ಸಣ್ಣ ನಳಿಕೆಯೊಂದು ಕಾಣುತ್ತದೆ. ಅದೇ ಟ್ರೇಕಿಯಾಸ್ಟಮಿ ಟ್ಯೂಬ್. ಮೂಗು, ಬಾಯಿ, ಧ್ವನಿಪೆಟ್ಟಿಗೆ ಮೂರನ್ನೂ ತಪ್ಪಿಸಿ ಗಾಳಿ ನೇರವಾಗಿ ಶ್ವಾಸನಾಳಕ್ಕೆ ಇಳಿಯುವ ದಾರಿ ಅದು.

ಈ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ವೈದ್ಯಕೀಯ ಪುಸ್ತಕಗಳು ಸಾಮಾನ್ಯವಾಗಿ ಕತ್ತರಿಸಿದವರ ಕಥೆಯಾಗಿ ಹೇಳುತ್ತವೆ. ಯಾರು ಮೊದಲು ಕೊಯ್ದರು, ಎಲ್ಲಿ ಕೊಯ್ದರು, ಅಡ್ಡಕ್ಕೋ ಉದ್ದಕ್ಕೋ ಎಂಬುದೇ ಅಲ್ಲಿ ಮುಖ್ಯ. ನನಗೆ ತೋರುವುದು ಬೇರೆ. ತೂತು ಮಾಡುವುದು ಕೆಲವೇ ನಿಮಿಷಗಳ ಕೆಲಸ. ಅದನ್ನು ಹಗಲು ರಾತ್ರಿ ತೆರೆದಿಟ್ಟುಕೊಳ್ಳುವುದೇ ಚಿಕಿತ್ಸೆ. ಈ ಕ್ಷೇತ್ರದ ನಿಜವಾದ ಪ್ರಗತಿಯೆಲ್ಲ ಆ ಕಾಯುವ ಕೆಲಸದಲ್ಲೇ ಆಗಿದೆ, ಮತ್ತು ಆ ಕೆಲಸ ನಿಧಾನವಾಗಿ ಶಸ್ತ್ರವೈದ್ಯರ ಕೈಯಿಂದ ದಾದಿಯರಿಗೆ, ದಾದಿಯರಿಂದ ಮನೆಯವರಿಗೆ ದಾಟಿ ಬಂದಿದೆ.

ಹಳೆಯ ಕಾಲದ ಮಾತನ್ನು ಬೇಗ ಮುಗಿಸಬಹುದು. ಕ್ರಿಸ್ತಪೂರ್ವದ ಗ್ರೀಕ್ ವೈದ್ಯ ಅಸ್ಕ್ಲಿಪಿಯಾಡಿಸ್‌ನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವನ ಬರಹ ಉಳಿದಿಲ್ಲ, ನಂತರದವರ ಉಲ್ಲೇಖವಷ್ಟೇ ಇದೆ. ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಅರಬ್ ವೈದ್ಯ ಇಬ್ನ್ ಜುಹ್ರ್ ಆಡಿನ ಮೇಲೆ ಪ್ರಯೋಗ ಮಾಡಿ, ಕೊಯ್ದ ಶ್ವಾಸನಾಳ ಮತ್ತೆ ಕೂಡಿಕೊಳ್ಳುತ್ತದೆಂದು ತೋರಿಸಿದ. ರೋಗಿ ಬದುಕಿದ ಮೊದಲ ಖಚಿತ ದಾಖಲೆ 1546ರದು, ಇಟಲಿಯ ಬ್ರಸಾವೊಲನದು. ನಂತರದ ತಲೆಮಾರಿನ ಫಾಬ್ರಿಸಿಯಸ್ ನಳಿಕೆಗೆ ರೆಕ್ಕೆಗಳನ್ನು ಸೂಚಿಸಿದ. ಅದು ಒಳಕ್ಕೆ ಜಾರಿಹೋಗದಿರಲಿ ಎಂಬುದು ಉದ್ದೇಶ. ಇಂದಿನ ಟ್ಯೂಬಿನ ಎರಡು ಪಕ್ಕದ ಪಟ್ಟಿಗಳಿಗೆ ಟೇಪ್ ಕಟ್ಟಿ ಕುತ್ತಿಗೆಯ ಸುತ್ತ ಬಿಗಿಯುತ್ತೇವಲ್ಲ, ಅದರ ಮೂಲ ಅಲ್ಲಿದೆ.

ನಾನು ಎಲ್ಲಕ್ಕಿಂತ ಮೇಲೆ ಇಡುವ ಸುಧಾರಣೆ 1730ರದು. ಸ್ಕಾಟ್ಲೆಂಡಿನ ಜಾರ್ಜ್ ಮಾರ್ಟಿನ್ ಎಂಬ ವೈದ್ಯ ತಾನು ನೋಡಿದ ರೋಗಿಯ ಬಗ್ಗೆ ಬರೆಯುತ್ತಾ, ನಳಿಕೆಯೊಳಗೆ ಇನ್ನೊಂದು ನಳಿಕೆ ಇದ್ದರೆ ಒಳಗಿನದನ್ನು ಮಾತ್ರ ಹೊರತೆಗೆದು ತೊಳೆಯಬಹುದು ಎಂಬ ಸಲಹೆಯನ್ನು ದಾಖಲಿಸಿದ. ಬಹಳ ಸರಳ ಉಪಾಯ. ಕಫ ಒಣಗಿ ಗಟ್ಟಿಯಾಗಿ ದಾರಿ ಮುಚ್ಚಿದಾಗ ಇಡೀ ಟ್ಯೂಬನ್ನು ಕಿತ್ತು ಮತ್ತೆ ತೂರಿಸುವ ಅಪಾಯ ತಪ್ಪುತ್ತದೆ. ಒಳನಳಿಕೆಯನ್ನು ಎಳೆದರೆ ಆ ಕ್ಷಣವೇ ಉಸಿರು ಬಿಡುಗಡೆಯಾಗುತ್ತದೆ. ಬೆಳ್ಳಿ ಹೋಗಿ ಪ್ಲಾಸ್ಟಿಕ್ ಬಂದರೂ ಈ ಉಪಾಯ ಹಳತಾಗಿಲ್ಲ. ಹೀಗಿದ್ದೂ ಒಳನಳಿಕೆಯಿಲ್ಲದ ಒಂಟಿ ಪಿವಿಸಿ ಟ್ಯೂಬಿನಲ್ಲೇ ರೋಗಿಗಳನ್ನು ಮನೆಗೆ ಕಳಿಸುವ ರೂಢಿ ಕೆಲವೆಡೆ ಇನ್ನೂ ಇದೆ. ಕೆಲವು ನೂರು ರೂಪಾಯಿಯ ಉಳಿತಾಯಕ್ಕೆ ಮೂರು ಶತಮಾನದ ತಿಳಿವಳಿಕೆಯನ್ನು ಬಿಟ್ಟುಕೊಟ್ಟಂತೆ ಅದು.

ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಈ ಶಸ್ತ್ರಚಿಕಿತ್ಸೆಯನ್ನು ಅಪರೂಪದ ಸಾಹಸದಿಂದ ದಿನನಿತ್ಯದ ಕೆಲಸವಾಗಿಸಿತು. ಫ್ರಾನ್ಸಿನ ಬ್ರೆಟೊನೊ 1825ರಲ್ಲಿ ಈ ರೋಗದಿಂದ ಉಸಿರುಗಟ್ಟಿದ್ದ ಮಗುವೊಂದನ್ನು ಉಳಿಸಿದ. ಅವನ ಶಿಷ್ಯ ಟ್ರೂಸೊ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಸುಮಾರು ಕಾಲುಭಾಗ ಬದುಕಿದರೆಂದು ವರದಿ ಮಾಡಿದ. ಇಂದು ಆ ಲೆಕ್ಕ ಭಯ ಹುಟ್ಟಿಸುತ್ತದೆ. ಆಗ ಉಳಿದ ದಾರಿ ಸಾವೊಂದೇ ಆಗಿತ್ತು. ಟ್ರೂಸೊನ ದೊಡ್ಡತನ ಕೊಯ್ಯುವುದರಲ್ಲಿ ಮಾತ್ರ ಇರಲಿಲ್ಲ. ಜೋಡಿ ನಳಿಕೆಯನ್ನೇ ಬಳಸಬೇಕೆಂದು ಅವನು ಹಟ ಹಿಡಿದ. ಮಗುವಿನ ಕುತ್ತಿಗೆಗೆ ಬಟ್ಟೆಯೊಂದನ್ನು ಸಡಿಲವಾಗಿ ಸುತ್ತಿ, ಒಳಗೆ ಹೋಗುವ ಗಾಳಿ ಬೆಚ್ಚಗೆ, ತೇವವಾಗಿ ಇರುವಂತೆ ನೋಡಿಕೊಂಡ. ಬಿಸಿಮಾಡುವ, ತೇವಗೊಳಿಸುವ, ಸೋಸುವ ಮೂಗಿನ ಮೂರೂ ಕೆಲಸ ಈ ರೋಗಿಗಳಿಗೆ ತಪ್ಪಿಹೋಗುತ್ತದೆಂದು ಅವನು ಅರಿತಿದ್ದ. ನಮ್ಮ ವಾರ್ಡುಗಳಲ್ಲಿ ಟ್ಯೂಬಿನ ಬಾಯಿಗೆ ಒದ್ದೆ ಗಾಜ್ ಬಟ್ಟೆ ಹಾಸುವ ಸಿಸ್ಟರ್ ಅದೇ ಕೆಲಸ ಮುಂದುವರಿಸುತ್ತಿದ್ದಾರೆ. ನೆಬುಲೈಸರ್, ಕೃತಕ ಮೂಗು ಎಂದು ಕರೆಯುವ ತೇವ ಹಿಡಿದಿಡುವ ಫಿಲ್ಟರ್ ಇವೆಲ್ಲ ಅದರ ಸುಧಾರಿತ ರೂಪಗಳು.

ಅಮೆರಿಕದ ಷೆವಲಿಯರ್ ಜಾಕ್ಸನ್ 1909ರಲ್ಲಿ ಶಸ್ತ್ರಚಿಕಿತ್ಸೆಯ ಹಂತಗಳನ್ನು ಕ್ರಮಬದ್ಧಗೊಳಿಸಿದ. ಧ್ವನಿಪೆಟ್ಟಿಗೆಗೆ ತೀರಾ ಹತ್ತಿರ ಕೊಯ್ದರೆ ಮುಂದೆ ಅಲ್ಲಿ ಗಾಯ ಕಟ್ಟಿ ದಾರಿ ಕಿರಿದಾಗುತ್ತದೆಂದು 1921ರಲ್ಲಿ ಎಚ್ಚರಿಸಿದ. ಅವನ ಹೆಸರಿನ ಲೋಹದ ಟ್ಯೂಬನ್ನು ನಮ್ಮ ಇಎನ್‌ಟಿ ವಿದ್ಯಾರ್ಥಿಗಳು ಇಂದಿಗೂ ಪರೀಕ್ಷೆಯ ಮೇಜಿನ ಮೇಲೆ ಗುರುತಿಸುತ್ತಾರೆ. ಪಕ್ಕದಲ್ಲೇ ಫುಲ್ಲರ್ ಟ್ಯೂಬ್ ಇರುತ್ತದೆ, ಎರಡು ಸೀಳಾದ ಹೊರಕವಚದ್ದು.

ಆಮೇಲೆ 1952ರ ಬೇಸಿಗೆ, ಕೋಪನ್‌ಹೇಗನ್. ಪೋಲಿಯೊ ಆ ಊರಿನ ಮೇಲೆ ಎರಗಿತ್ತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳೆಂದರೆ ಒಂದು ಕಬ್ಬಿಣದ ಶ್ವಾಸಕೋಶ, ಎದೆಗೆ ತೊಡಿಸುವ ಆರು ಕವಚಗಳು. ಮೊದಲ ವಾರಗಳಲ್ಲಿ ಅವುಗಳಲ್ಲಿಟ್ಟ 31 ಮಂದಿಯಲ್ಲಿ 27 ಜನ ತೀರಿಕೊಂಡರು. ನುಂಗಲಾಗದೆ ಗಂಟಲಲ್ಲಿ ತುಂಬಿದ ಜೊಲ್ಲು, ಕಫ ಶ್ವಾಸಕೋಶಕ್ಕೆ ಇಳಿಯುತ್ತಿತ್ತು; ಹೊರಗಿನಿಂದ ಎದೆ ಹಿಗ್ಗಿಸುವ ಯಂತ್ರ ಅದನ್ನು ತಡೆಯುವುದಿರಲಿ, ಸಾಕಷ್ಟು ಗಾಳಿಯನ್ನೂ ಒಳಗೆಳೆಯುತ್ತಿರಲಿಲ್ಲ. ಮುಖ್ಯವೈದ್ಯ ಲಾಸೆನ್ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್‌ನನ್ನು ಕರೆಸಿದ. ಆಗಸ್ಟ್ 27ರಂದು ಸಾಯುತ್ತಿದ್ದ ಹನ್ನೆರಡು ವರ್ಷದ ಹುಡುಗಿಗೆ ಟ್ರೇಕಿಯಾಸ್ಟಮಿ ಮಾಡಿ, ಗಾಳಿ ಸೋರದಂತೆ ಬಲೂನಿನ ಹಾಗೆ ಉಬ್ಬುವ ಕಫ್ ಇರುವ ರಬ್ಬರ್ ನಳಿಕೆ ಹಾಕಿದರು. ಮೊದಲಿಗೆ ಗಾಳಿ ಒಳಗೇ ಹೋಗಲಿಲ್ಲ, ಹುಡುಗಿ ಹೆಣಗುತ್ತಿದ್ದಳು. ಇಬ್ಸೆನ್ ಮದ್ದು ಕೊಟ್ಟು ಅವಳನ್ನು ಶಾಂತಗೊಳಿಸಿ, ಕೈಯಿಂದ ರಬ್ಬರ್ ಚೀಲ ಒತ್ತಿ ಉಸಿರು ತುಂಬಿದ. ಅವಳ ಬಣ್ಣ ತಿರುಗಿತು.

ಯಂತ್ರಗಳಿರಲಿಲ್ಲ, ಹಾಗಾಗಿ ಕೈಗಳನ್ನೇ ಕರೆದರು. ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿಯಲ್ಲಿ ಬಂದು ಹಾಸಿಗೆಯ ತಲೆದೆಸೆಯಲ್ಲಿ ಕುಳಿತು ತಿಂಗಳುಗಟ್ಟಲೆ ಚೀಲ ಒತ್ತಿದರು. ಒಂದು ಹಂತದಲ್ಲಿ ಏಕಕಾಲಕ್ಕೆ 70 ಮಂದಿ ಹೀಗೆ ಇತರರ ಕೈಯಿಂದ ಉಸಿರಾಡುತ್ತಿದ್ದರು. ನೂರಕ್ಕೆ 87 ಇದ್ದ ಸಾವು 40ರ ಆಸುಪಾಸಿಗೆ ಇಳಿಯಿತು. ಮರುವರ್ಷ ಇಬ್ಸೆನ್ ಅದೇ ಊರಿನಲ್ಲಿ ತೆರೆದ ಘಟಕವನ್ನು ಜಗತ್ತಿನ ಮೊದಲ ಐಸಿಯು ಎಂದು ಎಣಿಸುತ್ತಾರೆ. ಕೊರಳ ನಳಿಕೆಯ ಸುತ್ತ ಸದಾ ಒಬ್ಬರು ಇರಲೇಬೇಕು ಎಂಬ ಸತ್ಯ ಇಡೀ ಒಂದು ವೈದ್ಯಶಾಖೆಯನ್ನೇ ಹುಟ್ಟಿಸಿತು.

ಆ ಕಫ್ ಹೊಸ ಕಷ್ಟವನ್ನೂ ತಂದಿತು. ಶ್ವಾಸನಾಳದ ಗೋಡೆಗೆ ಅಂಟಿ ಉಬ್ಬುವ ಈ ಪುಟ್ಟ ಬಲೂನು ಆಗ ಬಿರುಸಾಗಿತ್ತು. ರಕ್ತಸಂಚಾರ ನಿಂತು ಒಳಪದರ ಸಾಯುತ್ತಿತ್ತು, ಬದುಕಿ ಮನೆಗೆ ಹೋದವರು ತಿಂಗಳ ಮೇಲೆ ಶ್ವಾಸನಾಳ ಕಿರಿದಾಗಿ ಮರಳುತ್ತಿದ್ದರು. ಅಮೆರಿಕದ ಕೂಪರ್ ಮತ್ತು ಗ್ರಿಲ್ಲೊ 1969ರಲ್ಲಿ ಈ ಹಾನಿಯ ಬಗೆಯನ್ನು ಬಿಡಿಸಿ ತೋರಿಸಿದ ಮೇಲೆ, ಹೆಚ್ಚು ಗಾಳಿ ಹಿಡಿದೂ ಕಡಿಮೆ ಒತ್ತುವ ಮೆದು ಕಫ್‌ಗಳು ಬಂದವು. ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು ಎಂಬುದು ಈಗಿನ ನಿಯಮ. ಬೆರಳಿನಿಂದ ಹಿಚುಕಿ ನೋಡಿ ‘ಸರಿಯಿದೆ’ ಎನ್ನುವ ಅಭ್ಯಾಸ ಸಾಲದು. ಅಳೆಯುವ ಸಣ್ಣ ಮೀಟರು ಪ್ರತಿ ಐಸಿಯುವಿನಲ್ಲೂ ಇರಬೇಕು.

1985 ಈ ಚರಿತ್ರೆಯಲ್ಲಿ ಮೂರು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಸಿಯಾಗ್ಲಿಯಾ ಎಂಬ ವೈದ್ಯ ಸೂಜಿ, ತಂತಿ ಬಳಸಿ ತೂತನ್ನು ಹಂತ ಹಂತವಾಗಿ ಹಿಗ್ಗಿಸುವ ವಿಧಾನ ಪ್ರಕಟಿಸಿದ. ಆಪರೇಷನ್ ಥಿಯೇಟರಿಗೆ ಒಯ್ಯದೆ ಐಸಿಯು ಹಾಸಿಗೆಯಲ್ಲೇ ಮಾಡುವುದು ಅದರಿಂದ ಸುಲಭವಾಯಿತು. ಅದೇ ವರ್ಷ ಸ್ಟೀಫನ್ ಹಾಕಿಂಗ್‌ಗೆ ಜಿನೀವಾದಲ್ಲಿ ನ್ಯುಮೋನಿಯಾ ಹಿಡಿದು, ಟ್ರೇಕಿಯಾಸ್ಟಮಿಯಿಂದ ಉಳಿದಿದ್ದ ಅಲ್ಪಸ್ವಲ್ಪ ಮಾತೂ ಹೋಯಿತು. ಕಂಪ್ಯೂಟರ್ ಧ್ವನಿ ಬರುವ ಮುಂಚೆ ಅವರು ಅಕ್ಷರಗಳ ಕಾರ್ಡಿನ ಮುಂದೆ ಹುಬ್ಬೇರಿಸಿ ಒಂದೊಂದೇ ಅಕ್ಷರ ಆರಿಸುತ್ತಿದ್ದರು. ಹಗಲಿರುಳೂ ಪಕ್ಕದಲ್ಲಿದ್ದ ದಾದಿಯರ ಆರೈಕೆಯಲ್ಲಿ ಆಮೇಲೆ ಸುಮಾರು 33 ವರ್ಷ ಬದುಕಿದರು. ಮೂರನೆಯದು ಡೇವಿಡ್ ಮ್ಯೂರ್ ಎಂಬ ಯುವಕನ ಕೊಡುಗೆ. ಸ್ನಾಯುಕ್ಷಯದಿಂದ ವೆಂಟಿಲೇಟರಿಗೆ ಬಿದ್ದಿದ್ದ ಆತ ತನ್ನ ಮಾತನ್ನು ತಾನೇ ಮರಳಿ ಪಡೆಯಲು ಒಮ್ಮುಖ ಕವಾಟವೊಂದನ್ನು ರೂಪಿಸಿದ. ಉಸಿರು ಟ್ಯೂಬಿನಿಂದ ಒಳಗೆ ಬರುತ್ತದೆ. ಹೊರಹೋಗುವಾಗ ಕವಾಟ ಮುಚ್ಚಿಕೊಂಡು ಗಾಳಿ ಧ್ವನಿತಂತುಗಳ ಮೂಲಕ ಮೇಲೇರುತ್ತದೆ. ಪಾಸಿ–ಮ್ಯೂರ್ ಕವಾಟ ಎಂದು ಅದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕಫ್‌ನ ಗಾಳಿಯನ್ನು ಪೂರ್ತಿ ತೆಗೆಯದೆ ಇದನ್ನು ಹಾಕಿದರೆ ಹೊರಹೋಗುವ ಉಸಿರಿಗೆ ದಾರಿಯೇ ಇರದೆ ಪ್ರಾಣಕ್ಕೆ ಸಂಚಕಾರ. ರೋಗಿಯೇ ಕಂಡುಹಿಡಿದ ಈ ಸಾಧನ ನನ್ನನ್ನು ಬಹಳ ತಟ್ಟಿದೆ. ಮಾತು ಹೋಗುವುದು ಏನೆಂದು ಆತನಿಗಿಂತ ಚೆನ್ನಾಗಿ ಯಾರು ಬಲ್ಲರು?

ಬೆಂಗಳೂರಿನ ಕ್ಯಾನ್ಸರ್ ತಜ್ಞ ಡಾ. ವಿಶಾಲ್ ರಾವ್ ‘ಓಂ’ ಎಂಬ ಧ್ವನಿಸಾಧನವನ್ನು ಸುಮಾರು 50 ರೂಪಾಯಿಗೆ ಸಿಗುವಂತೆ ರೂಪಿಸಿದ್ದೂ ಇದೇ ಕಾಳಜಿಯಿಂದ. ಆಮದಾಗುವಂಥವಕ್ಕೆ ಸಾವಿರಾರು ರೂಪಾಯಿ. ಆದರೆ ಅದು ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರಿಗೆ. ಈ ಎರಡು ಬಗೆಯ ರೋಗಿಗಳನ್ನು ಬೆರೆಸಬಾರದು. ಟ್ರೇಕಿಯಾಸ್ಟಮಿಯವರಿಗೆ ಮೇಲಿನ ದಾರಿ ಉಳಿದಿರಬಹುದು, ತುರ್ತಿನಲ್ಲಿ ಮೂಗು ಬಾಯಿಗೂ ಆಮ್ಲಜನಕ ಕೊಡಬೇಕು. ಧ್ವನಿಪೆಟ್ಟಿಗೆ ತೆಗೆದವರಿಗೆ ಕೊರಳ ತೂತೊಂದೇ ದಾರಿ. ಬ್ರಿಟನ್ನಿನಲ್ಲಿ 2011ರ ಸಮೀಕ್ಷೆಯೊಂದು ಐಸಿಯುವಿನ ಶ್ವಾಸಮಾರ್ಗದ ಅವಘಡಗಳಲ್ಲಿ ಜಾರಿದ ಟ್ರೇಕಿಯಾಸ್ಟಮಿ ಟ್ಯೂಬೇ ದೊಡ್ಡ ಕಾರಣವೆಂದು ತೋರಿಸಿದ ಮೇಲೆ, ಅಲ್ಲಿ ಹಾಸಿಗೆಯ ತಲೆದೆಸೆಗೆ ಮೊದಲನೆಯವರಿಗೆ ಹಸಿರು, ಎರಡನೆಯವರಿಗೆ ಕೆಂಪು ಫಲಕ ಹಾಕುವ ಪದ್ಧತಿ ಬಂತು. ಬಣ್ಣದ ಕಾಗದವಷ್ಟೇ ಬೇಕಾದ ಈ ಪದ್ಧತಿಯನ್ನು ನಮ್ಮಲ್ಲಿ ನಾಳೆಯೇ ತರಬಹುದು.

ಟ್ಯೂಬ್ ಬೇಗ ಹಾಕಬೇಕೋ ತಡೆದು ಹಾಕಬೇಕೋ ಎಂಬ ವಾದಕ್ಕೂ 2013ರಲ್ಲಿ ಒಂದು ಉತ್ತರ ಸಿಕ್ಕಿತು. ಬ್ರಿಟನ್ನಿನ 909 ರೋಗಿಗಳ ಅಧ್ಯಯನದಲ್ಲಿ ನಾಲ್ಕು ದಿನದೊಳಗೆ ಹಾಕಿದವರಿಗೂ ಹತ್ತು ದಿನ ಕಾದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾದ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಟ್ಯೂಬ್ ಬೇಕಾಗಲೇ ಇಲ್ಲ. ‘ಇನ್ನೆರಡು ದಿನ ನೋಡೋಣ ಸಾರ್’ ಎಂದು ಅಂಗಲಾಚುವ ಮನೆಯವರ ಮಾತು ಯಾವಾಗಲೂ ಅಜ್ಞಾನವಲ್ಲ.

ಮನೆಗೆ ಬಂದ ಮೇಲೆ ಚರಿತ್ರೆಯೆಲ್ಲ ಒಬ್ಬರ ಕೈಗೆ ಬಂದು ನಿಲ್ಲುತ್ತದೆ, ಬಹುಪಾಲು ಹೆಂಡತಿ, ತಾಯಿ ಅಥವಾ ಮಗಳ ಕೈಗೆ. ಎದೆಯಲ್ಲಿ ಗೊರಗೊರ ಕೇಳಿದಾಗ ಅವಳು ಸೋಪು ಹಚ್ಚಿ ಕೈ ತೊಳೆಯುತ್ತಾಳೆ. ಕಫ ಹೀರಿ ತೆಗೆಯುವ ಸಕ್ಷನ್ ಕ್ಯಾಥೆಟರಿನ ದಪ್ಪ ಟ್ಯೂಬಿನ ಒಳ ಅಗಲದ ಅರ್ಧ ಮೀರಬಾರದು. ಒಳಗೆ ಬಿಡುವಾಗ ಪಕ್ಕದ ರಂಧ್ರದಿಂದ ಹೆಬ್ಬೆರಳು ತೆಗೆದಿರಬೇಕು. ಎಳೆಯುವಾಗ ಮಾತ್ರ ಮುಚ್ಚಿ, ತಿರುಗಿಸುತ್ತಾ ಹೊರಗೆ ತರಬೇಕು. ಎಲ್ಲ ಸೇರಿ ಹತ್ತು ಸೆಕೆಂಡು, ಏಕೆಂದರೆ ಕಫದ ಜೊತೆ ಯಂತ್ರ ಉಸಿರನ್ನೂ ಎಳೆಯುತ್ತಿರುತ್ತದೆ. ಒಳನಳಿಕೆ ತೆಗೆದು ತೊಳೆದು, ಬೆಳಕಿಗೆ ಹಿಡಿದು ನೋಡಿ ಮತ್ತೆ ಹಾಕಿ ಬೀಗ ತಿರುಗಿಸಬೇಕು. ಟೇಪಿನ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ. ಸ್ನಾನದಲ್ಲಿ ಕುತ್ತಿಗೆಗೆ ನೀರು ತಾಕದಂತೆ ಎಚ್ಚರ, ಪೌಡರ್ ದೂರ. ಕರೆಂಟ್ ಹೋಗುವ ಊರಾದರೆ ಕಾಲಲ್ಲಿ ತುಳಿಯುವ ಸಕ್ಷನ್ ಯಂತ್ರ ಇರಲೇಬೇಕು. ದಿಂಬಿನ ಬಳಿ ಅದೇ ಅಳತೆಯ ಒಂದು, ಒಂದು ಅಳತೆ ಚಿಕ್ಕದು ಇನ್ನೊಂದು ಟ್ಯೂಬ್, ಕತ್ತರಿ, ಟೇಪ್, ಕೈಯಿಂದ ಒತ್ತಿ ಉಸಿರು ತುಂಬುವ ಅಂಬು ಬ್ಯಾಗ್ ಇರಬೇಕು. ಟ್ಯೂಬಿನಿಂದ ಹಸಿ ರಕ್ತ ಬಂದರೆ, ಅದು ಸ್ವಲ್ಪವೇ ಇದ್ದು ನಿಂತುಹೋದರೂ, ಕಾಯದೆ ಆಸ್ಪತ್ರೆಗೆ ಹೊರಡಬೇಕು. ದೊಡ್ಡ ರಕ್ತನಾಳ ಸವೆಯುತ್ತಿರುವ ಮುನ್ಸೂಚನೆ ಅದಾಗಿರಬಹುದು.

ಇದರಲ್ಲಿ ಯಾವುದೂ ಕಲಿಯಲಾಗದ ವಿದ್ಯೆಯಲ್ಲ. ಕಲಿಸುವವರು ಬೇಕು, ಕಲಿಸಲು ಸಮಯ ಬೇಕು. ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ ಒಮ್ಮೆ ತೋರಿಸಿ ಕಳಿಸುವುದು ಕಲಿಸುವುದಲ್ಲ. ಸಿಸ್ಟರ್ ಪಕ್ಕದಲ್ಲಿ ನಿಂತು, ಮನೆಯವರೇ ತಮ್ಮ ಕೈಯಿಂದ ಹಲವು ಸಲ ಮಾಡಿ, ಟ್ಯೂಬ್ ಜಾರಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಿದ ಮೇಲಷ್ಟೇ ಬಿಡುಗಡೆ ಆಗಬೇಕು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ತರಬೇತಾದ ವಾಕ್ ತಜ್ಞರು ನುಂಗುವುದನ್ನೂ ಮಾತಾಡುವುದನ್ನೂ ಮತ್ತೆ ಅಭ್ಯಾಸ ಮಾಡಿಸಬಲ್ಲರು. ಜಿಲ್ಲಾ ಆಸ್ಪತ್ರೆಗಳ ರೋಗಿಗಳೂ ಅವರ ಬಳಿ ತಲುಪಬೇಕು.

ಟ್ಯೂಬ್ ಹಾಕಿದವರಲ್ಲಿ ಅನೇಕರಿಗೆ ಅದು ಜೀವನಪೂರ್ತಿ ಬೇಕಿಲ್ಲ. ಎಚ್ಚರ ಚೆನ್ನಾಗಿದ್ದು, ಕೆಮ್ಮಿ ಕಫ ಹೊರಹಾಕುವ ಶಕ್ತಿ ಬಂದು, ಮೇಲಿನ ದಾರಿ ತೆರೆದಿದೆಯೆಂದು ಖಾತ್ರಿಯಾದರೆ, ಟ್ಯೂಬಿನ ಬಾಯಿಗೆ ಮುಚ್ಚಳ ಹಾಕಿ ನೋಡಿ ಅದನ್ನು ತೆಗೆಯುತ್ತಾರೆ. ಮೇಲೆ ಡ್ರೆಸ್ಸಿಂಗ್ ಇಟ್ಟರೆ ಸಾಮಾನ್ಯವಾಗಿ ತೂತು ಕೆಲವೇ ದಿನಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಮುಂದಿನ ಭೇಟಿಯ ತಾರೀಖು ಗೊತ್ತಿಲ್ಲದೆ, ಬಸ್ಸಿನ ಖರ್ಚಿಗೆ ಹೆದರಿ, ತೆಗೆಯಬಹುದಾದ ಟ್ಯೂಬನ್ನೇ ಹೊತ್ತುಕೊಂಡು ಕೂತವರು ಹಳ್ಳಿಗಳಲ್ಲಿದ್ದಾರೆ. ಆ ತಾರೀಖನ್ನೂ ಒಂದು ಫೋನ್ ನಂಬರನ್ನೂ ಡಿಸ್ಚಾರ್ಜ್ ಚೀಟಿಯ ಮೇಲ್ತುದಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಬೇಕು, ಆ ದಿನ ರೋಗಿ ಬರದಿದ್ದರೆ ಆಸ್ಪತ್ರೆಯೇ ಕರೆ ಮಾಡಬೇಕು.