ಶಹಾಬಾದಿ ಹಾಸುಗಲ್ಲಿನ ಸಾಕ್ಷ್ಯ

ಹೈದರಾಬಾದು ನಗರವು ಗ್ರಾನೈಟ್ ಶಿಲೆಯ ಮೇಲೆ ನಿಂತಿದೆ. ಗೋಲ್ಕೊಂಡದ ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಕಾವಿನಲ್ಲಿ ಕರಗಿ ಹೆಪ್ಪುಗಟ್ಟಿದವು. ಅವುಗಳಲ್ಲಿ ಸಮುದ್ರದ ನೆನಪಿಲ್ಲ. ಆದರೆ ಅದೇ ನಗರದ ಹಳೆಯ ಮನೆಗಳ ಪಡಸಾಲೆಗಳಲ್ಲಿಯೂ ಅಂಗಳಗಳಲ್ಲಿಯೂ ಹಾಸಿರುವ ನಸುಬೂದಿಬಣ್ಣದ ಚಪ್ಪಟೆ ಕಲ್ಲು ಬೇರೆ ಕುಲಕ್ಕೆ ಸೇರಿದುದು. ಅದು ನೀರಿನಲ್ಲಿ ಹುಟ್ಟಿದ ಕಲ್ಲು. ಪಡುವಣ ದಿಕ್ಕಿನ ಭೀಮಾ ತೀರದಿಂದ ಬಂದುದು. ಕಲಬುರಗಿಯ ಕಡೆಯವರು ಅದನ್ನು ಶಹಾಬಾದಿ ಫರ್ಶಿ ಎನ್ನುತ್ತಾರೆ. ಆ ಕಲ್ಲಿನ ಪದರಗಳಲ್ಲಿ ಮನುಷ್ಯನ ಕಾಲಕ್ಕಿಂತ ಬಹಳ ಹಿಂದೆ ಅಡಗಿಹೋದ ಒಂದು ಕಡಲಿನ ರಾಸಾಯನಿಕ ದಾಖಲೆಯಿದೆ. ಆ ದಾಖಲೆಯನ್ನು ಓದುವ ವಿದ್ಯೆ ಹೇಗೆ ಬೆಳೆಯಿತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇತಿಹಾಸಾಸಕ್ತರು ತಿಳಿಯತಕ್ಕ ವಿಷಯವಾಗಿದೆ.

ಭೀಮಾ ಶಿಲಾಸಮೂಹವು ಇಂದಿನ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿಯೂ ತೆಲಂಗಾಣದ ತಾಂಡೂರಿನ ಸುತ್ತಲೂ ಹರಡಿದೆ. ಕೆಳಗೆ ಮರಳುಗಲ್ಲು ಮತ್ತು ಜೇಡಿಪದರ, ಅವುಗಳ ಮೇಲೆ ದಪ್ಪವಾದ ಸುಣ್ಣಗಲ್ಲು, ಮತ್ತೆ ಜೇಡಿಪದರ. ಹೀಗೆ ಅದರ ಕ್ರಮವಿದೆ. ವಾಯವ್ಯದ ಕಡೆ ದಖ್ಖಣದ ಕಪ್ಪು ಲಾವಾಶಿಲೆ ಇದನ್ನು ಮುಚ್ಚಿಬಿಟ್ಟಿದೆ. ಕಾಗಿಣಾ ನದಿಯ ದಂಡೆಯ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ, ಈ ಪದರಗಳ ಸೀಮೆಯಲ್ಲಿಯೇ ಇದೆ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತು ಬರೆದ ಗ್ರಂಥದಲ್ಲಿ ಕಲಾದಗಿ ಮತ್ತು ಭೀಮಾ ಶಿಲೆಗಳ ವಿವರಗಳಿವೆ. 1947ರಲ್ಲಿ ಸಿ. ಮಹದೇವನ್ ಅವರು ಕಲಬುರಗಿ ಭಾಗದ ಭೀಮಾ ಪದರಗಳನ್ನು ವಿಂಗಡಿಸಿ ಪ್ರಕಟಿಸಿದರು. ಇವರೆಲ್ಲರ ಸಾಧನಗಳೆಂದರೆ ಕಣ್ಣು, ಸುತ್ತಿಗೆ, ನಕಾಶೆ. ಯಾವ ಪದರ ಕೆಳಗಿದೆ, ಯಾವುದು ಮೇಲಿದೆ ಎಂಬುದನ್ನು ಅವರು ನಿಶ್ಚಯಿಸಿದರು. ಆ ಕಡಲಿನ ನೀರು ಎಂತಹದಾಗಿತ್ತು ಎಂಬ ಪ್ರಶ್ನೆಗೆ ಉತ್ತರ ಹೇಳುವ ಉಪಕರಣ ಅವರಲ್ಲಿರಲಿಲ್ಲ.

ಆ ಉಪಕರಣದ ಕಥೆ ಬೇರೊಂದು ಕಡೆ ಆರಂಭವಾಗುತ್ತದೆ. ಒಂದೇ ಮೂಲಧಾತುವಿನ ಪರಮಾಣುಗಳಲ್ಲಿ ತೂಕದ ಭೇದವಿರಬಹುದೆಂಬುದನ್ನು ಗುರುತಿಸಿ ಫ್ರೆಡರಿಕ್ ಸಾಡಿ 1913ರಲ್ಲಿ ಅವುಗಳನ್ನು ಐಸೊಟೋಪುಗಳೆಂದು ಕರೆದನು. ಕನ್ನಡದಲ್ಲಿ ಇವು ಸಮಸ್ಥಾನಿಗಳು. ಆಮ್ಲಜನಕದ ಪರಮಾಣುಗಳಲ್ಲಿ ಬಹುಪಾಲಿನ ತೂಕ 16. ಸುಮಾರು 500ಕ್ಕೆ ಒಂದರಂತೆ 18 ತೂಕದ್ದಿರುತ್ತದೆ. ಇಂಗಾಲದಲ್ಲಿ 12 ತೂಕದ್ದೇ ಹೆಚ್ಚು. 13 ತೂಕದ್ದು ನೂರಕ್ಕೆ ಸುಮಾರು 1.1ರಷ್ಟು ಮಾತ್ರ. 1946ರಲ್ಲಿ ಹೆರಲ್ಡ್ ಯೂರಿ ಜೂರಿಕ್ ನಗರದಲ್ಲಿ ಈ ವಿಷಯವನ್ನು ಕುರಿತು ಉಪನ್ಯಾಸ ಮಾಡಿದಾಗ, ಸಿಹಿನೀರಿನ ಸುಣ್ಣಗಲ್ಲನ್ನೂ ಕಡಲಿನ ಸುಣ್ಣಗಲ್ಲನ್ನೂ ಇದರಿಂದ ಬೇರ್ಪಡಿಸಲಾದೀತೇ ಎಂಬ ಪ್ರಶ್ನೆಯನ್ನು ಶಿಲಾವಿಜ್ಞಾನಿ ಪಾಲ್ ನಿಗ್ಲಿ ಎತ್ತಿದನು. ಯೂರಿ ಆ ಪ್ರಶ್ನೆಯ ಬೆನ್ನುಹತ್ತಿ ಲೆಕ್ಕ ಹಾಕಿದಾಗ, ನೀರು ತಣ್ಣಗಿದ್ದಷ್ಟೂ ಅದರಲ್ಲಿ ಬೆಳೆಯುವ ಚಿಪ್ಪಿಗೆ ಭಾರವಾದ ಆಮ್ಲಜನಕ ಹೆಚ್ಚು ಸೇರುವುದೆಂದು ತಿಳಿದುಬಂದಿತು. ಚಿಪ್ಪು ಉಷ್ಣಮಾಪಕವಾಯಿತು. 1951ರಲ್ಲಿ ಯೂರಿ ಮತ್ತು ಸಂಗಡಿಗರು ಜುರಾಸಿಕ್ ಕಾಲದ ಬೆಲೆಮ್ನೈಟ್ ಎಂಬ ಜಲಚರದ ಶಿಲಾವಶೇಷವನ್ನು ಪದರಪದರವಾಗಿ ಪರೀಕ್ಷಿಸಿ, ಆ ಪ್ರಾಣಿಯು ಕಂಡ ಬೇಸಗೆ ಚಳಿಗಾಲಗಳನ್ನು ಎಣಿಸಿ, ಅದು ಸುಮಾರು ನಾಲ್ಕು ವರ್ಷ ಬದುಕಿತ್ತೆಂದು ಹೇಳಿದರು.

ಇಂಗಾಲದ ಸಾಕ್ಷ್ಯ ಇನ್ನೊಂದು ಬಗೆಯದು. ಬೆಳಕಿನಿಂದ ಆಹಾರ ತಯಾರಿಸುವ ಜೀವಿಗಳು ಹಗುರವಾದ ಇಂಗಾಲವನ್ನೇ ಆರಿಸಿಕೊಳ್ಳುತ್ತವೆ. ಅವುಗಳ ಕಳೇಬರ ಕೊಳೆಯದೆ ಕೆಸರಿನಲ್ಲಿ ಹೂತುಹೋದರೆ ಆ ಹಗುರ ಇಂಗಾಲವು ಕಡಲಿನ ಲೆಕ್ಕದಿಂದ ಖರ್ಚಾಗಿ ಹೋಗುತ್ತದೆ. ಬಾಕಿ ಉಳಿದುದರಲ್ಲಿ ಭಾರವಾದುದರ ಪಾಲು ಏರುತ್ತದೆ. ಆ ನೀರಿನಲ್ಲಿ ಹುಟ್ಟುವ ಸುಣ್ಣಗಲ್ಲು ಈ ಏರಿಕೆಯನ್ನು ದಾಖಲಿಸಿಕೊಳ್ಳುತ್ತದೆ. ಆದುದರಿಂದ ಜೀವಿಗಳ ಉಳಿಕೆ ಕಣ್ಣಿಗೆ ಕಾಣದ ಕಲ್ಲಿನಲ್ಲಿಯೂ ಜೀವದ ವ್ಯವಹಾರದ ಜಮಾಖರ್ಚು ದೊರೆಯುತ್ತದೆ. ಸ್ಟ್ರಾನ್ಷಿಯಂ ಧಾತುವಿನ ಸಮಸ್ಥಾನಿಗಳು ನೆಲದಿಂದ ನದಿಗಳು ಹೊತ್ತು ತಂದುದಕ್ಕೂ ಕಡಲತಳದ ಬಿಸಿಬುಗ್ಗೆಗಳು ಕೊಟ್ಟುದಕ್ಕೂ ಇರುವ ಪ್ರಮಾಣವನ್ನು ಸೂಚಿಸುತ್ತವೆ. ಸೀರಿಯಂ ಧಾತುವು ಆಮ್ಲಜನಕ ತುಂಬಿದ ನೀರಿನಲ್ಲಿ ಕರಗಿ ನಿಲ್ಲದೆ ತನ್ನ ಬಂಧುಧಾತುಗಳನ್ನು ಬಿಟ್ಟು ಬೇರೆಯಾಗುತ್ತದೆ. ಸುಣ್ಣಗಲ್ಲಿನಲ್ಲಿ ಅದರ ಕೊರತೆ ಕಂಡುಬಂದರೆ ನೀರಿಗೆ ಗಾಳಿಯ ಸಂಪರ್ಕ ಚೆನ್ನಾಗಿತ್ತೆಂದು ಊಹಿಸಲು ಅವಕಾಶವುಂಟು.

ಈ ವಿದ್ಯೆಗೆ ಹೈದರಾಬಾದಿನಲ್ಲಿ ನೆಲೆ ದೊರೆತುದು ಸ್ವಾತಂತ್ರ್ಯಾನಂತರ. ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು 1961ರಲ್ಲಿ ಇಲ್ಲಿ ಸ್ಥಾಪಿತವಾಯಿತು. ಅಲ್ಲಿಯ ವಿದ್ವಾಂಸರು ವಿಂಧ್ಯ ಪ್ರದೇಶದ ಸುಣ್ಣಗಲ್ಲುಗಳ ಇಂಗಾಲ, ಆಮ್ಲಜನಕ, ಸ್ಟ್ರಾನ್ಷಿಯಂ ಸಮಸ್ಥಾನಿಗಳನ್ನು ಕುರಿತು 2002ರಲ್ಲಿ ಪ್ರಬಂಧ ಪ್ರಕಟಿಸಿದರು. ಶಹಾಬಾದಿನ ಸುಣ್ಣಗಲ್ಲಿನ ಇಂಗಾಲ ಮತ್ತು ಆಮ್ಲಜನಕಗಳನ್ನು ಕುರಿತ ಒಂದು ಅಧ್ಯಯನ 2008ರಲ್ಲಿ ದೂರದ ಮೆಕ್ಸಿಕೊ ದೇಶದ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಕಾಗಿಣಾ ತೀರದ ಕಲ್ಲಿನ ಚರಿತ್ರೆಯನ್ನು ಓದಬೇಕಾದವರು ಅಷ್ಟು ದೂರದ ಸಂಪುಟವನ್ನು ಹುಡುಕಬೇಕಾಯಿತು!

ಆದರೆ ಕಲ್ಲು ಹೇಳಿದುದೆಲ್ಲ ನಿಜವೆಂದು ಒಪ್ಪಿಬಿಡುವುದು ಸಲ್ಲದು. ಕನ್ನಡ ನಾಡಿನ ಶಾಸನಗಳನ್ನು ಬಲ್ಲವರಿಗೆ ಕೂಟಶಾಸನಗಳ ವಿಷಯ ಹೊಸದಲ್ಲ. ಹಳೆಯ ಅರಸನ ಹೆಸರು ಹೊತ್ತ ತಾಮ್ರಪಟದ ಲಿಪಿ ಎಷ್ಟೋ ತಲೆಮಾರುಗಳ ಈಚಿನದಾಗಿರುವುದುಂಟು. ಫ್ಲೀಟ್ ಮೊದಲಾದವರು ಇಂತಹವನ್ನು ಲಿಪಿಯಿಂದಲೂ ತಿಥಿಯಿಂದಲೂ ಪರೀಕ್ಷಿಸಿ ಬೇರ್ಪಡಿಸಿದರು. ಸುಣ್ಣಗಲ್ಲಿನಲ್ಲಿಯೂ ಹೀಗೆಯೇ. ಅದು ಹುಟ್ಟಿದ ಮೇಲೆ ಕೋಟ್ಯಂತರ ವರ್ಷ ಮಳೆನೀರು ಅದರ ಸಂದುಗಳಲ್ಲಿ ಇಳಿದಿದೆ, ನೆಲದಾಳದ ಕಾವು ತಟ್ಟಿದೆ. ಆ ನೀರಿನಲ್ಲಿ ಆಮ್ಲಜನಕ ಅಪಾರವಾಗಿರುವುದರಿಂದ ಕಲ್ಲಿನ ಆಮ್ಲಜನಕದ ಲೆಕ್ಕ ಸುಲಭವಾಗಿ ತಿದ್ದಿಹೋಗುತ್ತದೆ. ಇಂಗಾಲ ಕಡಮೆಯಿರುವುದರಿಂದ ಇಂಗಾಲದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ತಿದ್ದುಪಡಿಯನ್ನು ಪತ್ತೆಹಚ್ಚುವ ಉಪಾಯವೂ ಉಂಟು. ಸಿಹಿನೀರು ಹಾಯ್ದ ಕಲ್ಲಿನಿಂದ ಸ್ಟ್ರಾನ್ಷಿಯಂ ಹೊರಹೋಗಿ ಮ್ಯಾಂಗನೀಸ್ ಒಳಸೇರುತ್ತದೆ. ಇವೆರಡರ ಅನುಪಾತ ಏರಿದ್ದರೆ ಆ ತುಣುಕಿನ ಸಾಕ್ಷ್ಯವನ್ನು ಬದಿಗಿಡುವುದೇ ಲೇಸು. ಸೀರಿಯಂ ವಿಷಯದಲ್ಲಿಯೂ ಎಚ್ಚರ ಬೇಕು. ನೆಲದಿಂದ ಬಂದ ಜೇಡಿ ಸುಣ್ಣದೊಡನೆ ಬೆರೆತಿದ್ದರೆ ಕಡಲಿನ ಗುರುತು ಮಸುಕಾಗುತ್ತದೆ. ಯೂರಿ ಚಿಪ್ಪಿನಲ್ಲಿ ಕಂಡ ಉಷ್ಣಮಾಪಕವನ್ನು ಭೀಮಾ ತೀರದ ಇಷ್ಟು ಪ್ರಾಚೀನವಾದ, ಚಿಪ್ಪಿಲ್ಲದ ಕಲ್ಲಿಗೆ ನೇರವಾಗಿ ಅನ್ವಯಿಸಲಾಗದು.

ಕಾಲನಿರ್ಣಯದ ತೊಡಕು ಇದಕ್ಕಿಂತ ದೊಡ್ಡದು. ಭೀಮಾ ಶಿಲೆಗಳು ಪ್ರೊಟೆರೊಜೋಯಿಕ್ ಎಂಬ, 250 ಕೋಟಿಯಿಂದ 54 ಕೋಟಿ ವರ್ಷಗಳ ಹಿಂದಿನವರೆಗಿನ ದೀರ್ಘಯುಗಕ್ಕೆ ಸೇರಿದುವೆಂದು ಬಹುಮಂದಿ ಒಪ್ಪುತ್ತಾರೆ. ಅದರೊಳಗೆ ಎಲ್ಲಿ ಎಂಬುದರಲ್ಲಿ ಏಕಾಭಿಪ್ರಾಯವಿಲ್ಲ. ಆ ಯುಗದ ಕೊನೆಯ ಭಾಗದಲ್ಲಿ ಕಡಲಿನ ಇಂಗಾಲದ ಲೆಕ್ಕ ಬಹಳ ಏರಿಳಿಯಿತು. 1998ರಲ್ಲಿ ಪಾಲ್ ಹಾಫ್‌ಮನ್ ಮತ್ತು ಸಂಗಡಿಗರು ನಮೀಬಿಯದ ಕಲ್ಲುಗಳಲ್ಲಿ ಇಂತಹ ಇಳಿತವನ್ನು ತೋರಿಸಿ, ಭೂಮಿಯೆಲ್ಲವೂ ಹಿಮದಿಂದ ಮುಚ್ಚಿಹೋಗಿತ್ತೆಂಬ ವಾದವನ್ನು ಮಂಡಿಸಿದರು. ಭೀಮಾ ಕಲ್ಲಿನ ಅಂಕಿಗಳನ್ನು ಇಂತಹ ಲೋಕವ್ಯಾಪಿ ರೇಖೆಯೊಡನೆ ಹೊಂದಿಸಿ ವಯಸ್ಸನ್ನು ಹೇಳುವುದು ಆಕರ್ಷಕವಾದ ಮಾರ್ಗ. ಆದರೆ ರೇಖೆಯಿಂದ ವಯಸ್ಸನ್ನು ಸಾಧಿಸಿ, ಅದೇ ವಯಸ್ಸಿನಿಂದ ರೇಖೆಯನ್ನು ಸಮರ್ಥಿಸಿದರೆ ತರ್ಕಶಾಸ್ತ್ರದವರು ಹೇಳುವ ಅನ್ಯೋನ್ಯಾಶ್ರಯ ದೋಷ ತಟ್ಟುತ್ತದೆ. ವಿಕಿರಣಶೀಲ ಧಾತುಗಳಿಂದ ಸ್ವತಂತ್ರವಾಗಿ ದೊರೆತ ಕಾಲಮಾನ ಕೈಗೆ ಬರುವವರೆಗೆ ಸಂಶೋಧಕನು ತನ್ನ ತೀರ್ಮಾನವನ್ನು ತಡೆದಿಡಬೇಕಾಗುತ್ತದೆ.

ಈ ಪರೀಕ್ಷೆಗೆಲ್ಲ ಮೊದಲು ಬೇಕಾದುದು ಪದರಗಳ ಕ್ರಮ. ಒಂದು ತುಣುಕಿನ ಅಂಕಿಯಿಂದ ಪ್ರಯೋಜನ ಅಲ್ಪ. ಕೆಳಗಿನಿಂದ ಮೇಲಕ್ಕೆ ಸಾಲಾಗಿ ತೆಗೆದ ತುಣುಕುಗಳ ಏರಿಳಿತವೇ ಚರಿತ್ರೆ. ಇಲ್ಲಿಯೇ ಆತಂಕವಿದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಹಾದಿಯಾದುದು ಈ ಕಲ್ಲಿನ ಸೀಮೆಯ ನಡುವೆಯೇ. ಗಣಿಗಳಲ್ಲಿ ಹಾಸುಗಲ್ಲು ಪದರಪದರವಾಗಿ ಏಳುತ್ತದೆ. ವಾಡಿ, ಶಹಾಬಾದು, ಸೇಡಂ ಸುತ್ತಿನ ಸುಣ್ಣಗಲ್ಲು ಸಿಮೆಂಟಿನ ಭಟ್ಟಿಗೆ ಹೋಗುತ್ತದೆ. ಭಟ್ಟಿಯ ಕಾವಿನಲ್ಲಿ ಕಲ್ಲಿನ ಇಂಗಾಲವು ಅನಿಲವಾಗಿ ಗಾಳಿಗೆ ಸೇರಿದ ಮೇಲೆ ಆ ಕಡಲಿನ ದಾಖಲೆ ಮತ್ತೆ ದೊರೆಯತಕ್ಕದ್ದಲ್ಲ. ಗಣಿ ತೋಡಿದಾಗಲೇ ಪದರಗಳ ಹೊಸ ಮುಖ ಕಾಣಿಸುವುದೆಂಬುದೂ ದಿಟ. ಆದುದರಿಂದ ದೂರಬೇಕಾದುದು ಗಣಿಯನ್ನಲ್ಲ, ತೋಡುವ ಮುನ್ನ ಅಳೆದು ಗುರುತು ಮಾಡಿಕೊಳ್ಳದ ಅಲಕ್ಷ್ಯವನ್ನು. ಶಾಸನಗಳು ಅಳಿಯುವ ಮೊದಲು ಅಚ್ಚೊತ್ತಿ ತೆಗೆದಿಡುವ ಪದ್ಧತಿ ನಮ್ಮ ನಾಡಿನಲ್ಲಿ ರೂಢವಾಗಿದೆ. ಪದರಗಳಿಗೂ ಅದು ಸಲ್ಲಬೇಕು.

ಇದರೊಡನೆ ಒಂದು ಗಡಿಯ ವಿಚಾರವೂ ಸೇರಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದು ಸಂಸ್ಥಾನದ ಗುಲ್ಬರ್ಗಾ ಜಿಲ್ಲೆ ಮೈಸೂರಿಗೆ ಸೇರಿದಾಗ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಅದರಿಂದ ಬೇರ್ಪಟ್ಟು ಆಂಧ್ರ ಪ್ರದೇಶದ ಪಾಲಾದುವು. ಅಂದಿನಿಂದ ಒಂದೇ ಕಡಲಿನ ಕೆಸರು ಒಂದು ಕಡೆ ಶಹಾಬಾದಿ ಕಲ್ಲು, ಇನ್ನೊಂದು ಕಡೆ ತಾಂಡೂರು ಕಲ್ಲು ಎಂದು ಎರಡು ರಾಜ್ಯಗಳ ಕಡತಗಳಲ್ಲಿ ಲೆಕ್ಕಕ್ಕೆ ಬರುತ್ತಿದೆ. ಪದರಗಳಿಗೆ ಆ ಗಡಿಯಿಲ್ಲ. ಸೇಡಂನಿಂದ ತಾಂಡೂರಿನವರೆಗೆ ಅವುಗಳನ್ನು ಒಂದೇ ಕ್ರಮದಲ್ಲಿ ಓದಿದಾಗ ಮಾತ್ರ ಆ ಕಡಲಿನ ದಡ ಎಲ್ಲಿತ್ತು, ಆಳ ಎಲ್ಲಿತ್ತು ಎಂಬುದನ್ನು ಹೇಳಬಹುದು.

ಹೈದರಾಬಾದಿನ ಪಡಸಾಲೆಯ ಹಾಸುಗಲ್ಲು ಇಂದಿಗೂ ತನ್ನ ಇಂಗಾಲವನ್ನು ಉಳಿಸಿಕೊಂಡಿದೆ. ಅದನ್ನು ಪ್ರಯೋಗಶಾಲೆಗೆ ಒಯ್ದರೆ ಅಂಕಿ ದೊರೆಯುವುದು ನಿಶ್ಚಯ. ಆದರೆ ಅದು ಯಾವ ಗಣಿಯ ಎಷ್ಟನೆಯ ಪದರ, ಅದರ ಕೆಳಗೆ ಯಾವುದಿತ್ತು, ಮೇಲೆ ಯಾವುದಿತ್ತು ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ. ಆ ಉತ್ತರ ಇನ್ನೂ ಕಾಗಿಣಾ ತೀರದ ಗಣಿಗಳ ಗೋಡೆಗಳಲ್ಲಿದೆ.