ಖಾತೆ ಪುಸ್ತಕದಿಂದ ಫೋನ್ ನಂಬರಿನವರೆಗೆ

ಹೋದ ತಿಂಗಳು ಅತ್ತೆಯವರ ಫೋನಿಗೆ ಒಂದು ಮೆಸೇಜು ಬಂತು. ಮದುವೆ ವಾರ್ಷಿಕೋತ್ಸವದ ಶುಭಾಶಯ, ಜೊತೆಗೆ ಈ ವಾರ ಮೇಕಿಂಗ್ ಚಾರ್ಜಿನಲ್ಲಿ ರಿಯಾಯಿತಿ. ಮಾವನವರು ಹೋಗಿ ಎರಡು ವರ್ಷ ಆಯ್ತು. ಅತ್ತೆ ಏನೂ ಅನ್ನಲಿಲ್ಲ, ಫೋನು ಕವುಚಿಟ್ಟು ಹುರುಳಿಕಾಯಿ ಬಿಡಿಸೋಕೆ ಕೂತ್ರು. ಯಾವಾಗಲೋ ಒಂದು ಜೊತೆ ಓಲೆ ತಗೊಂಡಾಗ ಅಂಗಡಿಯವರು ಒಂದು ಚೀಟಿ ಕೊಟ್ಟಿದ್ರು. ಫೋನ್ ನಂಬರು, ಹುಟ್ಟಿದ ದಿನ, ಮದುವೆ ದಿನ ಎಲ್ಲಾ ತುಂಬಿ ಸೈನು ಹಾಕಿಸಿದವಳು ನಾನೇ.

ಹಿಂದೆ ನಮ್ಮ ಮನೆ ವಿಷಯ ಅಂಗಡಿಯವರಿಗೆ ಗೊತ್ತಿರಲಿಲ್ವಾ? ಚೆನ್ನಾಗೇ ಗೊತ್ತಿತ್ತು. ಮೂಲೆ ಅಂಗಡಿ ಖಾತೆ ಪುಸ್ತಕ ನೋಡಿದ್ರೆ ಯಾರ ಮನೇಲಿ ಬಾಣಂತಿ, ಯಾರಿಗೆ ಸಂಬಳ ತಡವಾಗಿದೆ ಎಲ್ಲಾ ತಿಳೀತಿತ್ತು. ಅವರೂ ಒಮ್ಮೊಮ್ಮೆ ಬಾಯಿ ಬಿಡ್ತಿದ್ರು, ಅದೇನು ಸತ್ಯಯುಗ ಅಲ್ಲ. ಆದ್ರೆ ಯಾರು ಹೇಳಿದ್ರು ಅಂತ ನಮಗೆ ಗೊತ್ತಾಗ್ತಿತ್ತು, ಹೋಗಿ ಬೈಯ್ಯಬಹುದಿತ್ತು. ದೇವರಾಜ ಮಾರ್ಕೆಟ್ಟಿನಲ್ಲೂ ತಕ್ಕಡಿ ಕಣ್ಣೆದುರೇ ಇರ್ತಿತ್ತು. ತೂಕ ಸರಿ ಅನ್ನಿಸದಿದ್ರೆ ಕೊಸರು ಕೇಳಿ ಪಡೀತಿದ್ವಿ. ನ್ಯಾಯ ಅನ್ನೋದು ಕಣ್ಣಿಗೆ ಕಾಣೋ ಸಂಗತಿಯಾಗಿತ್ತು.

ಪೊಟ್ಟಣದ ಸಾಮಾನು ಬಂದ ಮೇಲೆ ತಕ್ಕಡಿ ಮರೆಯಾಯ್ತು. ಅದಕ್ಕೇ 1977ರ ನಿಯಮಗಳು, ಪೊಟ್ಟಣದ ಮೇಲೆ ತೂಕ, ಬೆಲೆ, ಮಾಡಿದವರ ಹೆಸರು ಅಚ್ಚಾಗಿರಬೇಕು ಅಂದ್ವು. ಆಮೇಲೆ 1986ರ ಡಿಸೆಂಬರ್ 24ಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಪ್ಪಿಗೆ ಸಿಕ್ತು. ಆ ದಿನವನ್ನೇ ಈಗ ರಾಷ್ಟ್ರೀಯ ಗ್ರಾಹಕರ ದಿನ ಅಂತ ಆಚರಿಸ್ತಾರೆ. ವಕೀಲರಿಲ್ಲದೆ ನಾವೇ ಹೋಗಿ ದೂರು ಕೊಡಬಹುದು ಅನ್ನೋದು ಆಗ ಹೊಸ ಮಾತು. ಆ ಮಾತನ್ನ ಮೈಸೂರಿನ ಮನೆಗಳಿಗೆ ಮುಟ್ಟಿಸಿದವರಲ್ಲಿ ಮೈಸೂರು ಗ್ರಾಹಕರ ಪರಿಷತ್ತೂ ಒಂದು. ಅದರ ವಿಳಾಸ ನಮ್ಮ ಯಾದವಗಿರಿಯ ವಿವೇಕಾನಂದ ರಸ್ತೆಯದೇ. ಆರ್. ಕೆ. ನಾರಾಯಣರ ಮನೆ ಇರೋ ರಸ್ತೆ ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ.

ಆದ್ರೆ ಆ ಹಳೇ ಕಾಯ್ದೆಯ ಚಿಂತೆಯೆಲ್ಲ ಕಡಿಮೆ ತೂಕ, ಕೆಟ್ಟ ಮಿಕ್ಸಿ, ಸುಳ್ಳು ಜಾಹೀರಾತಿನ ಬಗ್ಗೆ. ನಮ್ಮ ಮದುವೆ ದಿನವೂ ವ್ಯಾಪಾರದ ಸರಕಾಗುತ್ತೆ ಅಂತ ಆಗ ಯಾರು ಅಂದುಕೊಂಡಿದ್ರು? ಮೊಬೈಲು ಬಂದು ಜಾಹೀರಾತಿನ ಕರೆಗಳು ಕಾಟ ಕೊಡೋಕೆ ಶುರುವಾದ ಮೇಲೆ, 2007ರಲ್ಲಿ ಕರೆ ಬೇಡ ಅನ್ನೋರ ಪಟ್ಟಿ ಬಂತು. ಈಗ 1909ಕ್ಕೆ ಫೋನ್ ಮಾಡಿ ಅದರಲ್ಲಿ ಸೇರಬಹುದು. ಅತ್ತೆಯವರ ನಂಬರನ್ನೂ ಸೇರಿಸಿದ್ದೆ. ಆದ್ರೂ ಯಾಕೆ ಬಂತು ಅಂದ್ರೆ, ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ ಒಪ್ಪಿಗೆ ಅಂತಿತ್ತು. ಒಪ್ಪಿಗೆ ಕೊಟ್ಟವರಿಗೆ ಆ ಪಟ್ಟಿ ಅಡ್ಡ ಬರೋಲ್ಲ.

ನನ್ನ ವಿಷಯ ನನ್ನದು ಅನ್ನೋದು ಬರೀ ಮರ್ಯಾದೆ ಮಾತಲ್ಲ, ಹಕ್ಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರ ಆಗಸ್ಟ್ 24ಕ್ಕೆ. ಒಂಬತ್ತು ನ್ಯಾಯಾಧೀಶರು, ಒಂದೇ ಮಾತು. ಆ ಕೇಸಿಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿದವರು. 2012ರಲ್ಲಿ ಆಧಾರ್ ವಿಷಯವಾಗಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ವಯಸ್ಸಾಯ್ತು, ನಮಗ್ಯಾಕೆ ಅನ್ನೋರು ಇದನ್ನ ನೆನಪಿಟ್ಟುಕೊಳ್ಳಬೇಕು.

ಆಮೇಲೆ 2019ರ ಹೊಸ ಗ್ರಾಹಕ ಕಾಯ್ದೆ ಬಂತು, 2020ರ ಜುಲೈನಲ್ಲಿ ಜಾರಿಯಾಯ್ತು. ನ್ಯಾಯ, ಗುಟ್ಟು ಎರಡೂ ಒಂದೇ ಸಾಲಿಗೆ ಬಂದಿದ್ದು ಇಲ್ಲಿ. ಬಿಲ್ಲು ಕೊಡದೇ ಇರೋದು ಹೇಗೆ ಅನುಚಿತ ವ್ಯಾಪಾರವೋ, ಗ್ರಾಹಕರು ನಂಬಿಕೆಯಿಂದ ಕೊಟ್ಟ ವಿವರವನ್ನ ಕಾನೂನು ಮೀರಿ ಬೇರೆಯವರಿಗೆ ಕೊಡೋದೂ ಹಾಗೇ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಫೋನ್ ನಂಬರು ಕೊಟ್ಟರೇನೇ ಬಿಲ್ಲು ಅಂತ ಅಂಗಡಿಯವರು ಹಟ ಹಿಡಿಯೋ ಹಾಗಿಲ್ಲ ಅಂತ ಹೇಳ್ತು. (ಎರಡು ಲಕ್ಷ ಮೀರಿದ ಚಿನ್ನಕ್ಕೆ ಪ್ಯಾನ್ ಕೇಳೋದು ಬೇರೆ, ಅದನ್ನ ಕಾನೂನೇ ಕೇಳುತ್ತೆ.) ಅದೇ ವರ್ಷದ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ಮಾತು ಸೇರಿಸ್ತು: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ಸು ಪಡೆಯೋಕೂ ಆಗಬೇಕು.

ಇದನ್ನೆಲ್ಲ ಓದಿಕೊಂಡು ನಾನು ಆ ಅಂಗಡಿಗೆ ಹೋದೆ. ಹುಡುಗ, "ಸಿಸ್ಟಮ್ಮಿನಲ್ಲಿ ತಾನಾಗೇ ಹೋಗುತ್ತೆ ಮೇಡಂ, ನಮ್ಮ ಕೈಲಿಲ್ಲ" ಅಂದ. ಬರವಣಿಗೆಯಲ್ಲಿ ಕೊಟ್ಟೆ, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಕೇಳದಿದ್ರೆ 1915, ಗ್ರಾಹಕ ಸಹಾಯವಾಣಿ, ಅಂತಲೂ ಹೇಳಿ ಬಂದೆ. ಒಂದು ವಾರಕ್ಕೆ, ತೆಗೆದಿದ್ದೀವಿ ಅಂತ ಫೋನ್ ಬಂತು.

ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದಿನ ನನಗೆ ನೆನಪಿರುತ್ತೆ ಕಣೇ, ಅಂಗಡಿಯವರು ನೆನಪಿಸಬೇಕಾಗಿಲ್ಲ" ಅಂದ್ರು.